ಎರಡನೆಯ ಗಡಿಯಾರದ ಖಾಲಿ ಜಾಗ

ಮಾನ್ಯ ಕೇಬಲ್ ಜಾಲದ ಮುಖ್ಯಾಧಿಕಾರಿಗಳೇ,

ನಮ್ಮ ಬಡಾವಣೆಗೆ ಟಿ.ವಿ., ಇಂಟರ್ನೆಟ್ ಕೊಡುವ ಕೇಬಲ್ ಕೇಂದ್ರದ ದೊಡ್ಡ ಪೆಟ್ಟಿಗೆಯಲ್ಲಿ ಎರಡು ಗಡಿಯಾರದ ಕಾರ್ಡುಗಳಿರಬೇಕಿತ್ತು. ಅದರಲ್ಲಿ ಒಂದನ್ನು ನೀವು ಕಿತ್ತುಕೊಂಡು ಹೋದಿರಿ. ಉಳಿದದ್ದು ಒಂದು ಸಂಜೆ ಕೈಕೊಟ್ಟಿತು, ನಮ್ಮ ಮನೆಯ ಒಂದು ವಿಡಿಯೋ ಕರೆ ನಡುವಿನಲ್ಲೇ ನಿಂತುಹೋಯಿತು. ಆ ಕರೆಯನ್ನು ಕಡಿದದ್ದು ನಮ್ಮ ತಾಯಿ ಎಂದು ನನ್ನ ತಮ್ಮ ನಂಬಿ ಕೂತಿದ್ದಾನೆ. ತಾಯಿ ಈಗಿಲ್ಲ. "ನಾನಲ್ಲಪ್ಪಾ" ಎಂದು ಹೇಳುವುದಕ್ಕೆ ಅವಳು ಎದ್ದು ಬರುವ ಹಾಗಿಲ್ಲ. ಹೇಳಬಹುದಾಗಿದ್ದವರು ನೀವೊಬ್ಬರೇ. ಆದರೆ ನೀವು ಲಿಖಿತವಾಗಿ ತಿಳಿಸಿದ್ದೇನೆಂದರೆ, ಆ ಸಂಜೆ ನಿಮ್ಮ ಜಾಲದಲ್ಲಿ ಯಾವ ದೋಷವೂ ಇರಲಿಲ್ಲವೆಂದು. ಅಲ್ಲಿಗೆ ತಪ್ಪು ಸತ್ತವಳ ತಲೆಗೆ ಬಂತು. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ಅದರ ವಿವರ.

ಪತ್ರದ ಭಾಷೆ ಅಲ್ಲಲ್ಲಿ ಕಚೇರಿಯ ವಾಸನೆ ಹೊಡೆದರೆ ಸಹಿಸಿಕೊಳ್ಳಿ. ನೋಂದಣಿ ಕಚೇರಿಯ ಮೆಟ್ಟಿಲ ಪಕ್ಕ, ಜೆರಾಕ್ಸ್ ಅಂಗಡಿಯ ಮುಂಚಾಚಿದ ತಗಡಿನ ಕೆಳಗೆ ಕೂತು ಬೇರೆಯವರ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್ ಇದೆ. ಅರ್ಜಿಗಳು ಮಾತ್ರ ಅವೇ. "ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಎಂಬುದನ್ನು ನಾನು ನಿದ್ದೆಗಣ್ಣಿನಲ್ಲೂ ಟೈಪ್ ಮಾಡಬಲ್ಲೆ. ಅವಗಾಹನೆಗೆ ಬಂದದ್ದೆಲ್ಲ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದೂ ನನಗೆ ಚೆನ್ನಾಗಿ ಗೊತ್ತು. ಗಿರಾಕಿಗಳಿಗೆ ನಾನೇ ಹೇಳುವುದುಂಟು, ಇದನ್ನು ಕೊಟ್ಟು ಬನ್ನಿ, ಆದರೆ ಆಸೆ ಇಟ್ಟುಕೊಂಡು ಕೂರಬೇಡಿ ಎಂದು. ಆ ಬುದ್ಧಿಮಾತು ನನಗೇ ನಾಟದೆ, ಮುಚ್ಚಿದ ಲಕೋಟೆಯಲ್ಲಿ ನಿಮಗೆ ಹಲವು ಸಲ ಬರೆದೆ. ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಇದರಿಂದ ಏನೋ ಆಗಿಬಿಡುತ್ತದೆ ಎಂಬ ಭ್ರಮೆ ನನಗಿಲ್ಲ. ತಲುಪಲೇ ಇಲ್ಲ ಎನ್ನುವುದು ನಿಮಗೆ ಸ್ವಲ್ಪ ಕಷ್ಟವಾದೀತು, ಅಷ್ಟೇ.

ನನ್ನ ತಮ್ಮನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದಾನೆ. ಬೀದಿಯವರು ಅವನಿಗೆ ಇಟ್ಟಿರುವ ಹೆಸರು ರೇಡಿಯೋ. ಹೆಸರಿಟ್ಟ ಮಹಾನುಭಾವ ಯಾರೋ ಗೊತ್ತಿಲ್ಲ, ಆದರೆ ವಿಷಯ ತಮ್ಮನ ಕಣ್ಣಿಗೆ ಬಿದ್ದಾಗ ಅವನು ಸಿಟ್ಟಾಗಲಿಲ್ಲ. ಅಂಗಡಿಯ ಬೋರ್ಡಿನ ಮೂಲೆಯಲ್ಲಿ ದೊಡ್ಡದೊಂದು ರೇಡಿಯೋದ ಚಿತ್ರ ಬರೆಸಿಬಿಟ್ಟ. ಆಮೇಲೆ ಕೆಟ್ಟ ರೇಡಿಯೋ ಹಿಡಿದುಕೊಂಡು ಬಂದವರನ್ನು ವಾಪಸ್ ಕಳಿಸುವುದೇ ಒಂದು ಕೆಲಸವಾಯಿತು. ಅಂಥ ಮನುಷ್ಯ ಅವನು. ನಗಬಲ್ಲವನು, ನಗಿಸಬಲ್ಲವನು. ನಾನು ಹೇಳುತ್ತಿರುವುದು ಹೋದ ವರ್ಷದವರೆಗಿನ ಮಾತು.

ನಮ್ಮ ಮನೆಯಲ್ಲಿ ಮಾತೆಲ್ಲ ಕೈಯಲ್ಲಿ. ಅವನು ಶಾಲೆಗೆ ಸೇರುವ ಮುಂಚೆಯೇ ಅಮ್ಮ ಅವನೊಂದಿಗೆ ಕೂತು ಕೂತು ಒಂದು ಭಾಷೆ ಕಟ್ಟಿದ್ದಳು, ಅದನ್ನೇ ನಾನೂ ಕಲಿತೆ. ಆ ಭಾಷೆಗೆ ಒಂದೇ ಒಂದು ಕಟ್ಟುನಿಟ್ಟು ಇತ್ತು: ಎದುರಿನವರ ಕೈ ಮಾತಾಡುತ್ತಿರುವಾಗ ಮುಖ ತಿರುಗಿಸಬಾರದು. ಕಿವಿ ಇರುವವರ ಮನೆಯಲ್ಲಿ ಜಗಳವಾಡಿ ಒಳಕೋಣೆಗೆ ಹೋದರೂ ಮಾತು ಬೆನ್ನಟ್ಟಿಕೊಂಡು ಬರುತ್ತದೆ. ನಮ್ಮಲ್ಲಿ ಹಾಗಲ್ಲ, ನೋಡದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಚಿಕ್ಕವರಿದ್ದಾಗ ಜಗಳದ ನಡುವೆ ನಾವಿಬ್ಬರಲ್ಲಿ ಯಾರಾದರೂ ಕಣ್ಣು ಮುಚ್ಚಿಕೊಂಡರೆ ಅಮ್ಮ ಬೆನ್ನಿಗೊಂದು ಬಿಡುತ್ತಿದ್ದಳು. "ಎಷ್ಟು ಬೇಕಾದ್ರೂ ಬಯ್ಯಿ, ಮುಖ ನೋಡ್ಕೊಂಡು ಬಯ್ಯಿ" ಅನ್ನುತ್ತಿದ್ದಳು. ಆದ್ದರಿಂದ ನಮ್ಮ ಮನೆಯಲ್ಲಿ ಎಂಥ ರಂಪವಾದರೂ ಮುಖ ತಿರುಗಿಸಿದವರು ಯಾರೂ ಇರಲಿಲ್ಲ.

ಇನ್ನೊಂದು ಸಂಗತಿಯನ್ನೂ ನೀವು ತಿಳಿಯಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಿವಿ ಕೇಳದವರಿಗೆ ನಾವೆಲ್ಲ ಸೇರಿ ಒಂದು ಮಾತನ್ನು ಸಾವಿರ ಸಲ ಹೇಳಿರುತ್ತೇವೆ: ಏನಿಲ್ಲ ಬಿಡು. ಹತ್ತು ಜನ ಕೂತು ನಗುತ್ತಿರುತ್ತಾರೆ, ಅವನು ಏನು ಏನು ಎಂದು ಕೇಳುತ್ತಾನೆ, ಏನಿಲ್ಲ ಬಿಡು. ಆಸ್ಪತ್ರೆಯಲ್ಲಿ ವೈದ್ಯರು ಅರ್ಧ ಗಂಟೆ ಮಾತಾಡಿರುತ್ತಾರೆ, ಅವನಿಗೆ ಸಿಗುವುದು ಒಂದು ತಲೆಯಾಡಿಕೆ. ಹೀಗಾಗಿ ನನ್ನ ತಮ್ಮನಿಗೆ ಬಾಯಿಮಾತಿನ ಸಮಾಧಾನದ ಮೇಲೆ ನಂಬಿಕೆ ಇಲ್ಲ. ಕಣ್ಣಾರೆ ಕಂಡದ್ದನ್ನು ನಂಬುತ್ತಾನೆ, ಅಚ್ಚಾಗಿ ಮೊಹರು ಬಿದ್ದದ್ದನ್ನು ನಂಬುತ್ತಾನೆ. ಕಾಗದಕ್ಕೆ ಎಲ್ಲರೂ ಒಂದೇ ಅಲ್ಲವೇ, ಕಿವಿ ಇದ್ದವರಿಗೊಂದು ಇಲ್ಲದವರಿಗೊಂದು ಹೇಳುವುದಿಲ್ಲ ಎಂಬುದು ಅವನ ವಾದ. ನಿಮ್ಮ ಕಾಗದ ನೋಡುವವರೆಗೆ ನನಗೂ ಆ ವಾದ ಸರಿಯೆನಿಸುತ್ತಿತ್ತು.

ಅಮ್ಮನಿಗೆ ಶ್ವಾಸಕೋಶದ ಸೋಂಕಾಗಿ ದೂರದ ಊರಿನ ದೊಡ್ಡಾಸ್ಪತ್ರೆಗೆ ಸೇರಿಸಿದ್ದೆವು. ಆ ವಾರ್ಡಿನೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಸಂಜೆ ಹೊತ್ತು ನರ್ಸೊಬ್ಬರು ಟ್ಯಾಬ್ಲೆಟ್ ತಂದು ಹಿಡಿಯುತ್ತಿದ್ದರು, ಈ ಕಡೆ ನಮ್ಮ ಮನೆಯಲ್ಲಿ ನನ್ನ ತಮ್ಮ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಎರಡೂ ಕೈ ಬಿಡುವು ಮಾಡಿಕೊಂಡು ಕೂರುತ್ತಿದ್ದ. ಕೈಮಾತಿಗೆ ಚಿತ್ರ ಸ್ಪಷ್ಟವಿರಬೇಕು. ಅದಕ್ಕೆಂದೇ ನಿಮ್ಮ ಅತಿ ವೇಗದ ಸಂಪರ್ಕ ಹಾಕಿಸಿದ್ದೆವು. "ಎಂದೂ ನಿಲ್ಲದ ಜಾಲ" ಎಂದು ನಿಮ್ಮ ಜಾಹೀರಾತಿನಲ್ಲಿ ಹೆಂಗಸೊಬ್ಬಳು ನಗುತ್ತಿರುತ್ತಾಳಲ್ಲ, ಅದನ್ನೇ.

ಎದುರು ಸಾಲಿನಲ್ಲಿ ಗುಂಡಿ, ದಾರ, ಜಿಪ್ ಮಾರುವ ಒಂದು ಅಂಗಡಿ ಇದೆ. ಅದನ್ನು ನಡೆಸುವಾಕೆ ಗಂಡನನ್ನು ಕಳೆದುಕೊಂಡವಳು, ಒಬ್ಬ ಮಗಳಿದ್ದಾಳೆ. ನನ್ನ ತಮ್ಮನೂ ಆಕೆಯೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಆಕೆ ಅವನಿಗಾಗಿ ನಮ್ಮ ಮನೆಯ ಕೈಮಾತನ್ನು ಕಲಿತಳು, ಮಗಳಿಗೂ ಕಲಿಸಿದಳು. ಅಮ್ಮನಿಗೆ ವಿಷಯ ಅರ್ಧಂಬರ್ಧ ಗೊತ್ತಿತ್ತು, ಒಮ್ಮೆ ಮೂಗು ಮುರಿದದ್ದೂ ಇತ್ತು. ಅಮ್ಮನ ಒಪ್ಪಿಗೆ ಇಲ್ಲದೆ ಮುಂದುವರಿಯುವುದಿಲ್ಲ ಎಂದು ಇವನ ಹಟ. ಕೇಳು ಎಂದರೆ ನಾಳೆ ಎನ್ನುವುದು, ನಾಳೆ ಬಂದರೆ ಅಮ್ಮನಿಗೆ ಇವತ್ತು ಸುಸ್ತು ಎನ್ನುವುದು. ಹೀಗೆ ದಿನ ತಳ್ಳಿ ತಳ್ಳಿ, ಕೊನೆಗೆ ಒಂದು ಸಂಜೆ ಧೈರ್ಯ ಮಾಡಿ ಕೇಳಿಯೇಬಿಟ್ಟ. ನಾನು ಪಕ್ಕದಲ್ಲಿ ಬಟ್ಟೆ ಮಡಿಸುತ್ತಾ ನೋಡುತ್ತಿದ್ದೆ. "ಅವಳನ್ನ ಮದುವೆ ಆಗ್ಲಾ? ನೀನು ಹೂಂ ಅಂದ್ರೆ ಮಾತ್ರ" ಎಂದು ಅವನ ಕೈ ಕೇಳಿತು. ಪರದೆಯಲ್ಲಿ ಅಮ್ಮ ಅವನನ್ನೇ ನೋಡಿದಳು. ಹೊದಿಕೆಯೊಳಗಿಂದ ಕೈ ಹೊರಗೆ ತೆಗೆದಳು. ಪರದೆ ಕಪ್ಪಾಯಿತು.

ನಿಮ್ಮ ಭಾಷೆಯಲ್ಲಿ ಇದಕ್ಕೆ ಸೇವಾ ವ್ಯತ್ಯಯ ಎನ್ನುತ್ತಾರೆ. ನನ್ನ ತಮ್ಮ ಕಂಡದ್ದು ಬೇರೆ. ಅವನು ಜೀವಮಾನದಲ್ಲಿ ಕೇಳಿದ ದೊಡ್ಡ ಪ್ರಶ್ನೆಗೆ ತಾಯಿ ಕೈ ಚಾಚಿ ಮುಖ ಮರೆಸಿಕೊಂಡದ್ದನ್ನು ಕಂಡ. ಫೋನಿನಲ್ಲಿ "ಕರೆ ಮುಗಿಯಿತು" ಎಂದಿತ್ತು. ಯಾರು ಮುಗಿಸಿದರೆಂದು ಫೋನು ಹೇಳುವುದಿಲ್ಲ. ಮತ್ತೆ ಮಾಡು ಎಂದೆ, ಹೋಗಲಿಲ್ಲ. ಮೊಬೈಲಿನ ಗೆರೆಗಳೂ ಮಾಯವಾಗಿದ್ದವು. ನಮ್ಮ ಬೀದಿಯ ಮಹಡಿಯ ಮೇಲಿನ ಮೊಬೈಲ್ ಟವರ್ ಕೂಡ ನಿಮ್ಮ ಪೆಟ್ಟಿಗೆಯ ಬಾಲಕ್ಕೇ ಕಟ್ಟಿಕೊಂಡಿದೆ ಎಂದು ನನಗೆ ಆಮೇಲೆ ತಿಳಿಯಿತು. ನಿಮ್ಮ ಸಹಾಯವಾಣಿಗೆ ಪಕ್ಕದ ಬಡಾವಣೆಯಿಂದ ಫೋನ್ ಮಾಡಿದರೆ, ಇನ್ನೊಂದು ಗಂಟೆಯಲ್ಲಿ ಸರಿಹೋಗುತ್ತದೆ ಎಂದರು. ಪಾಪ, ಪ್ರತಿ ಗಂಟೆಗೂ ಅದನ್ನೇ ಹೇಳಿದರು. ಅಲ್ಲಿಂದ ಆಸ್ಪತ್ರೆಗೂ ಮಾಡಿದೆ, ಅಷ್ಟರಲ್ಲಿ ಟ್ಯಾಬ್ಲೆಟ್ ಹಿಡಿಯುವ ಹೊತ್ತು ಮುಗಿದಿತ್ತು. ಮರುದಿನ ಬೆಳಗಾಗುತ್ತಲೇ ನಾವಿಬ್ಬರೂ ಬಸ್ಸು ಹತ್ತಿದೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಮ್ಮನಿಗೆ ಉಸಿರು ಬಿಗಿಯಾಗಿ, ನಿದ್ದೆಯ ಮದ್ದು ಕೊಟ್ಟು ಗಂಟಲಿಗೆ ಕೊಳವೆ ಹಾಕಿದ್ದರು. ಗಾಜಿನ ಈಚೆಯಿಂದ ನೋಡಿದೆವು. ಕಣ್ಣು ಮುಚ್ಚಿ ಮಲಗಿದ್ದಳು. ಮತ್ತೆ ತೆರೆಯಲಿಲ್ಲ. ನಮ್ಮ ಬಡಾವಣೆಯ ಸಂಪರ್ಕ ವಾಪಸ್ ಬಂದಾಗ ನಾವು ಅಮ್ಮನ ಬಟ್ಟೆಗಳನ್ನು ಯಾರಿಗೆ ಕೊಡುವುದೆಂದು ಮಾತಾಡುತ್ತಿದ್ದೆವು.

ಏನಾಯಿತೆಂದು ನನಗೆ ಹೇಳಿದ್ದು ನಿಮ್ಮ ಕೇಂದ್ರದ ಒಬ್ಬ ಟೆಕ್ನಿಷಿಯನ್. ಯಾರವನು ಎಂದು ಹುಡುಕುವ ಶ್ರಮ ಬೇಡ. ಅಲ್ಲಿಗೆ ಟೀ ತಂದುಕೊಡುವವನಿಗೂ ಗೊತ್ತಿರುವ ಸಂಗತಿ ಅದು. ಅವನ ಯಾವುದೋ ಅರ್ಜಿ ಬರೆದುಕೊಡುವಾಗ ಕೇಳಿದೆ, ಅವನು ಟೀ ಲೋಟ ತಿರುಗಿಸುತ್ತಾ ಹೇಳಿದ.

"ಸಾವಿರಾರು ಮನೆ ಡಬ್ಬಿಗಳು ಒಂದೇ ತಂತಿ ಮೇಲೆ ಮಾತಾಡ್ಬೇಕಲ್ಲ ಮೇಡಂ. ಎಲ್ಲಾ ಒಟ್ಟಿಗೇ ಬಾಯಿ ಬಿಟ್ರೆ ಯಾರದ್ದೂ ಕೇಳಲ್ಲ. ನೀನೀಗ ಮಾತಾಡು, ನೀನು ಆಮೇಲೆ ಅಂತ ಹೊತ್ತು ಹಂಚೋದು ಈ ಗಡಿಯಾರದ ಕಾರ್ಡು. ಅದು ನಿಂತ್ರೆ ಎಲ್ಲಾ ನಿಂತ ಹಾಗೇನೆ."

"ಅಂಥದ್ದಕ್ಕೆ ಒಂದೇ ಇಟ್ಕೊಂಡಿದೀರಾ?"

"ಎರಡಿರತ್ತೆ. ಪೆಟ್ಟಿಗೆ ಮಾಡಿದೋರು ಎರಡಕ್ಕೂ ಜಾಗ ಬಿಟ್ಟಿದಾರೆ. ಎರಡನೇದು ಮೊದಲನೇದ್ರ ಜೊತೆಜೊತೆಗೇ ಹೆಜ್ಜೆ ಹಾಕ್ತಿರತ್ತೆ. ಇದು ಬಿತ್ತು ಅಂದ್ಕೊಳಿ, ಅದು ತಕ್ಷಣ ಹಿಡ್ಕೊಳತ್ತೆ. ಮನೇಲಿ ಕೂತೋರಿಗೆ ಗೊತ್ತೂ ಆಗಲ್ಲ."

"ಮತ್ತೆ ನಮಗೆ ಗೊತ್ತಾಯ್ತಲ್ಲಪ್ಪಾ."

"ಅದನ್ನ ಕಿತ್ಕೊಂಡು ಹೋದ್ರಲ್ಲ. ಕೆಲ್ಸ ಇಲ್ದೆ ಖಾಲಿ ಕೂತಿದೆ ಅಂತ ಬರ್ಸಿ."

ಕೆಲಸವಿಲ್ಲದೆ ಬಿದ್ದಿರುವ ಬಿಡಿಭಾಗಗಳನ್ನು ಪತ್ತೆಹಚ್ಚಿ ಹೊಸ ಕೇಂದ್ರಗಳಿಗೆ ಕಳಿಸಬೇಕೆಂದು ನಿಮ್ಮ ಕಚೇರಿಯಿಂದ ಆದೇಶ ಹೊರಟಿತ್ತಂತೆ. ಪತ್ತೆಹಚ್ಚುವ ವಿಧಾನವೂ ಸರಳ. ಈ ಭಾಗ ಇದುವರೆಗೆ ಎಂದಾದರೂ ಹೊರೆ ಹೊತ್ತಿದೆಯೇ? ಇಲ್ಲ. ಹಾಗಾದರೆ ನಿಷ್ಕ್ರಿಯ. ನಮ್ಮ ಎರಡನೆಯ ಗಡಿಯಾರ ಹೊರೆ ಹೊತ್ತಿರಲಿಲ್ಲ, ಯಾಕೆಂದರೆ ಮೊದಲನೆಯದು ಅಲ್ಲಿಯವರೆಗೆ ಬಿದ್ದಿರಲಿಲ್ಲ. ಮೊದಲನೆಯದು ಚೆನ್ನಾಗಿ ದುಡಿದದ್ದು ಎರಡನೆಯದರ ಅಪರಾಧವಾಯಿತು. ಅದನ್ನು ಕಿತ್ತು ಇನ್ನೊಂದು ಊರಿನ ಹೊಸ ಪೆಟ್ಟಿಗೆಗೆ ಒಂಟಿ ಗಡಿಯಾರವಾಗಿ ಕೂರಿಸಿದರು. ನಮ್ಮಲ್ಲಿ ಆ ಜಾಗಕ್ಕೆ ಒಂದು ತಗಡಿನ ಮುಚ್ಚಳ ಜಡಿದರು. ಒಂದು ಆದೇಶದಿಂದ ಎರಡು ಊರುಗಳನ್ನು ಒಂಟಿ ಕಾಲಿನ ಮೇಲೆ ನಿಲ್ಲಿಸಿದ ಈ ಜಾಣತನಕ್ಕೆ ಆ ವರ್ಷ ನಿಮ್ಮ ವಿಭಾಗಕ್ಕೆ ಪ್ರಶಂಸಾಪತ್ರ ಬಂದಿದೆ. ಗಾಜಿನ ಕಟ್ಟು ಹಾಕಿಸಿ ಕಾರಿಡಾರಿನಲ್ಲಿ ತೂಗುಹಾಕಿದ್ದೀರಿ. ನಿಮಗಾಗಿ ಕಾಯುತ್ತಾ ಅದನ್ನು ಓದಿ ಓದಿ ನನಗೆ ಬಾಯಿಪಾಠವಾಗಿದೆ.

ಕಾಯುವವರಿಗೆ ಸುತ್ತ ನೋಡುವುದು ಬಿಟ್ಟು ಬೇರೇನು ಕೆಲಸ? ನಿಮ್ಮ ಕೋಣೆಗೆ ಎರಡು ಎ.ಸಿ. ಇವೆ. ಎರಡು ಬಾಗಿಲಿವೆ, ಮುಂಬಾಗಿಲಲ್ಲಿ ನನ್ನಂಥವರು ಕೂತಿದ್ದಾಗ ಹಿಂಬಾಗಿಲು ಬಹಳ ಉಪಯೋಗಕ್ಕೆ ಬರುವುದನ್ನೂ ಕಂಡಿದ್ದೇನೆ. ಅಂಗಳದಲ್ಲಿ ಜನರೇಟರ್ ಇದೆ, ಕರೆಂಟು ಹೋದರೆ ನಿಮ್ಮ ಫ್ಯಾನು ಒಂದು ಸುತ್ತು ಕೂಡ ತಪ್ಪಬಾರದೆಂದು. ನಿಮ್ಮ ಕಾರಿನ ಹಿಂದೆ ಒಂದು ಸ್ಟೆಪ್ನಿ ಟೈರಿದೆಯಲ್ಲ, ಅದು ಇಲ್ಲಿಯವರೆಗೆ ಎಷ್ಟು ಓಡಿದೆ ಸ್ವಾಮಿ? ನಿಷ್ಕ್ರಿಯವೆಂದು ಬರೆಸಿ ಅದನ್ನು ಯಾವ ಊರಿಗೆ ಕಳಿಸಿದ್ದೀರಿ? ಇಲ್ಲ, ಅದು ಅಲ್ಲೇ ಇದೆ, ಗಾಳಿ ತುಂಬಿಕೊಂಡು ಗುಂಡಗೆ ಕೂತಿದೆ. ಅದನ್ನು ಕಂಡು ನನ್ನ ಹೊಟ್ಟೆ ಉರಿಯಿತು ಎಂದರೆ ನಿಮಗೆ ನಗು ಬರಬಹುದು. ನಿಜವಾಗಿಯೂ ಉರಿಯಿತು, ಒಂದು ಟೈರಿನ ಮೇಲೆ.

ಗಡಿಯಾರದ ಕಥೆ ಇಷ್ಟಾದರೆ ಕರೆಂಟಿನ ಕಥೆ ಇನ್ನೂ ಚೆಂದ. ಆ ಪೆಟ್ಟಿಗೆಗೆ ವಿದ್ಯುತ್ ಘಟಕಗಳೂ ಎರಡು. ಅವನ್ನು ನೀವು ಕಿತ್ತಿಲ್ಲ, ಒಪ್ಪುತ್ತೇನೆ. ಎರಡೂ ಇವೆ, ಎರಡರ ಮೇಲೂ ಹಸಿರು ದೀಪ ಉರಿಯುತ್ತದೆ, ತಪಾಸಣೆಗೆ ಬಂದವರು ದೀಪ ಎಣಿಸಿ ಸಹಿ ಹಾಕಿ ಹೋಗುತ್ತಾರೆ. ಒಂದೊಂದು ಘಟಕಕ್ಕೂ ಬೇರೆ ಬೇರೆ ಲೈನಿನಿಂದ ಕರೆಂಟು ಬರಬೇಕಿತ್ತು. ಎರಡನೆಯ ಲೈನಿನ ಬೋರ್ಡಿದ್ದ ಕೋಣೆ ಹಳೆ ಕುರ್ಚಿ ತುಂಬುವ ಉಗ್ರಾಣವಾದ ಮೇಲೆ ಬೀಗ ಬಿತ್ತಂತೆ, ಬೀಗದ ಕೈ ವರ್ಗವಾಗಿ ಹೋದ ಯಾರದೋ ಜೇಬಿನಲ್ಲಿ ಹೋಯಿತಂತೆ. ಆಮೇಲೆ ಎರಡೂ ಪ್ಲಗ್ಗುಗಳನ್ನು ಅಕ್ಕಪಕ್ಕ ಒಂದೇ ಬೋರ್ಡಿಗೆ ಸಿಕ್ಕಿಸಿದರು. ಆ ಸಂಜೆ ಸುಟ್ಟದ್ದು ಆ ಬೋರ್ಡು. ಎರಡು ಹಸಿರು ದೀಪಗಳೂ ಒಟ್ಟಿಗೆ ಆರಿದವು. ಯಾವುದೋ ಮೂಲೆಯಿಂದ ತಂತಿ ಎಳೆದು ಕರೆಂಟು ಕೊಟ್ಟರೆ ಪೆಟ್ಟಿಗೆ ಎದ್ದಿತು, ಆದರೆ ಒಂಟಿ ಗಡಿಯಾರ ಏಳಲಿಲ್ಲ. ಬದಲಿ ತರಿಸೋಣವೆಂದರೆ ಬದಲಿ ಇರುವುದು ಆ ಇನ್ನೊಂದು ಊರಿನಲ್ಲಿ. ಅಲ್ಲಿಂದ ಕಿತ್ತರೆ ಅವರು ಕತ್ತಲಲ್ಲಿ ಕೂರುತ್ತಾರೆ. ಪೆಟ್ಟಿಗೆ ಮಾಡಿದವರಿಂದ ಹೊಸದೊಂದು ಬರುವವರೆಗೆ ನಾವೇ ಕೂತೆವು. ಆ ಊರಿನವರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಪೆಟ್ಟಿಗೆಯಲ್ಲೂ ಒಂದೇ ಇದೆಯೆಂದು ಅವರಿಗೆ ಇನ್ನೂ ಗೊತ್ತಿರಲಿಕ್ಕಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನನಗೊಂದು ಆಸೆ ಹುಟ್ಟಿತು. ತಮ್ಮನಿಗೆ ನಾನು ಹೇಳಿದರೆ ನಂಬುವುದಿಲ್ಲ, ನಿಮ್ಮ ಕಾಗದ ಹೇಳಿದರೆ ನಂಬುತ್ತಾನೆ. ಆದ್ದರಿಂದ ಆ ಸಂಜೆ ಸಂಪರ್ಕ ಯಾಕೆ ಕಡಿಯಿತೆಂದು ಲಿಖಿತ ಉತ್ತರ ಕೊಡಿ ಎಂದು ಅರ್ಜಿ ಹಾಕಿದೆ. ನನ್ನ ವೃತ್ತಿಜೀವನದ ಅತ್ಯುತ್ತಮ ಅರ್ಜಿ ಅದು, ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅದಕ್ಕೆ ಬಂದ ಉತ್ತರವನ್ನು ಇಲ್ಲಿ ಹಾಗೇ ಕೊಡುತ್ತೇನೆ: "ಸದರಿ ಕೇಂದ್ರದಲ್ಲಿ ಸಮಯ ನಿರ್ವಹಣಾ ಘಟಕ ಹಾಗೂ ವಿದ್ಯುತ್ ಘಟಕಗಳನ್ನು ತಲಾ ಎರಡರಂತೆ ಅಳವಡಿಸಲಾಗಿರುವುದರಿಂದ ಸೇವೆಯು ಸಂಪೂರ್ಣ ಸ್ಥಗಿತಗೊಳ್ಳಲು ಸಾಧ್ಯವಿರುವುದಿಲ್ಲ. ತಾವು ಉಲ್ಲೇಖಿಸಿರುವ ಸಂಜೆ ಯಾವುದೇ ದೋಷ ದಾಖಲಾಗಿರುವುದಿಲ್ಲ. ಮರುದಿನ ಬೆಳಿಗ್ಗೆಯಿಂದ ಪೂರ್ವನಿಗದಿತ ನಿರ್ವಹಣೆಯನ್ನು ಕೈಗೊಳ್ಳಲಾಗಿರುತ್ತದೆ. ದೂರನ್ನು ಮುಕ್ತಾಯಗೊಳಿಸಲಾಗಿದೆ."

ಎಂಥ ತರ್ಕ! ಎರಡು ಇರಬೇಕೆಂದು ನಿಯಮವಿದೆ, ನಿಯಮವಿರುವುದರಿಂದ ಎರಡಿವೆ, ಎರಡಿರುವುದರಿಂದ ಕೆಡುವುದು ಸಾಧ್ಯವಿಲ್ಲ, ಸಾಧ್ಯವಿಲ್ಲದ್ದು ನಡೆದೇ ಇಲ್ಲ. ಬಡಾವಣೆಗೆ ಬಡಾವಣೆಯೇ ಕತ್ತಲ ಪರದೆ ನೋಡಿಕೊಂಡು ಕೂತದ್ದು ನಮ್ಮ ಸಾಮೂಹಿಕ ಭ್ರಾಂತಿ ಇರಬೇಕು. ನಿಮ್ಮ ಗುಮಾಸ್ತರು ಸೇವೆ ನಿಂತದ್ದಕ್ಕೆ ಬೀಳುವ ದಂಡ ತಪ್ಪಿಸಿಕೊಳ್ಳಲು ಒಂದು ರಾತ್ರಿಯನ್ನು ನುಂಗಿ, ದೋಷಕ್ಕೆ ನಿರ್ವಹಣೆಯೆಂಬ ಬಟ್ಟೆ ತೊಡಿಸಿದ್ದಾರೆ. ಅವರ ಪಾಲಿಗೆ ಅದೊಂದು ಸಣ್ಣ ಕೈಚಳಕ. ಆ ಲಕೋಟೆ ಬಂದ ದಿನ ನಾನು ಕೆಲಸಕ್ಕೆ ಹೋಗಿದ್ದೆ, ತಮ್ಮನೇ ಒಡೆದು ಓದಿದ್ದ. ನಾನು ಮನೆಗೆ ಬಂದಾಗ ಅದನ್ನು ನನ್ನ ಮುಂದೆ ಹಿಡಿದು, "ಯಾವುದೇ ದೋಷ ದಾಖಲಾಗಿರುವುದಿಲ್ಲ" ಎಂಬ ಸಾಲಿನ ಮೇಲೆ ಬೆರಳಿಟ್ಟ. ಆಮೇಲೆ ಕೈಯಲ್ಲಿ ಹೇಳಿದ: "ಲೈನು ಸರಿಯಿತ್ತು. ಅಮ್ಮಾನೇ ಕಟ್ ಮಾಡಿದ್ದು. ನೀನು ಇಷ್ಟು ದಿನ ನನ್ನ ಸಮಾಧಾನ ಮಾಡ್ತಿದ್ದೆ." ಬೀದಿಯವರೆಲ್ಲ ಅವತ್ತು ಸಂಜೆಯೇ ಟಿ.ವಿ. ಹೋಗಿತ್ತೆಂದು ಹೇಳಿ ನೋಡಿದರು. ಅವರೆಲ್ಲರಿಗೂ ನಾನು ಹೇಳಿಕೊಟ್ಟಿದ್ದೇನೆ ಎಂದು ಅವನ ಲೆಕ್ಕ. ಕಿವಿ ಇರುವವರೆಲ್ಲ ಒಂದೇ ಪಂಗಡವಲ್ಲವೇ.

ಆ ನರ್ಸಿಗೂ ಫೋನ್ ಮಾಡಿ ಕೇಳಿದ್ದೇನೆ. "ನೆನಪಿದೆ ಕಣ್ರೀ" ಅಂದರು. "ಸ್ಕ್ರೀನು ತಾನಾಗೇ ಹೋಯ್ತು. ನಾನು ಆಮೇಲೆ ಮಾಡೋಣ ಅಂತ ಹೇಳ್ದೆ. ಅವರು ಕೇಳ್ಲೇ ಇಲ್ಲ, ಆ ಖಾಲಿ ಸ್ಕ್ರೀನಿಗೇ ಕೈ ಆಡಿಸ್ತಾ ಇದ್ರು. ತುಂಬಾ ಹೊತ್ತು. ನಂಗೆ ಆ ಭಾಷೆ ಬರಲ್ವಲ್ಲ, ಸುಮ್ನೆ ಹಿಡ್ಕೊಂಡು ನಿಂತಿದ್ದೆ." ಏನು ಹೇಳುತ್ತಿದ್ದಳು ನಮ್ಮಮ್ಮ? ನನಗೆ ಗೊತ್ತಿಲ್ಲ. ಹೂಂ ಅಂದಿರಬಹುದು. ಬೇಡ ಅಂದಿರಲೂಬಹುದು, ಅವಳೂ ಕಡಿಮೆ ಹಟದವಳಲ್ಲ. ಆಗಲಿ, ಸರಿಯಾಗಿ ಯೋಚಿಸಿ ಮಾಡು ಎಂದು ನಾಲ್ಕು ಮಾತು ಬಯ್ದು ಹರಸಿರಬಹುದು. ಯಾವುದೇ ಇರಲಿ, ಅದು ನಮ್ಮ ಮನೆಯ ಮಾತಾಗಿತ್ತು. ಬೇಡ ಎಂದಿದ್ದರೂ ನನ್ನ ತಮ್ಮ ಮತ್ತೆ ಕೇಳುತ್ತಿದ್ದ, ವಾದಿಸುತ್ತಿದ್ದ, ಅತ್ತು ಕರೆದು ಗೆಲ್ಲುತ್ತಿದ್ದನೋ ಏನೋ. ಮಾತಿಗೆ ಮಾತು ಕೊಡಬಹುದು. ನೀವು ಅವಳ ಬಾಯಿಗೆ ತುರುಕಿದ ಈ ಕತ್ತಲೆಯ ಜೊತೆ ಅವನು ಹೇಗೆ ವಾದಿಸಬೇಕು? ತಾಯಿ ಕೊನೆಯ ಸಲ ತನ್ನ ಮುಖ ನೋಡದೆ ಹೋದಳೆಂದುಕೊಂಡು ಆ ಮನುಷ್ಯ ಸೊರಗಿಹೋಗಿದ್ದಾನೆ. ನನಗೆ ನೋಡಲಾಗುವುದಿಲ್ಲ.

ಕಾಗದದಿಂದ ಆಗದಿದ್ದರೆ ಕಣ್ಣಿಗಾದರೂ ತೋರಿಸೋಣವೆಂದು ಅವನನ್ನು ಕರೆದುಕೊಂಡು ನಿಮ್ಮ ಕೇಂದ್ರಕ್ಕೆ ಹೋದೆ. ಆ ತಗಡಿನ ಮುಚ್ಚಳ ತೆಗೆದು ಒಳಗಿನ ಖಾಲಿ ಜಾಗವನ್ನು ಅವನ ಕಣ್ಣಿಗೆ ತೋರಿಸಿದರೆ ಸಾಕಿತ್ತು. ಯಂತ್ರದ ಮನುಷ್ಯ ಅವನು, ಮಿಕ್ಕದ್ದನ್ನು ತಾನೇ ಅರ್ಥಮಾಡಿಕೊಳ್ಳುತ್ತಿದ್ದ. ಕಾವಲುಗಾರ ಗೇಟು ತೆಗೆಯಲಿಲ್ಲ. ಬಹಳ ಮರ್ಯಾದಸ್ಥ, ನಮಗೆ ಕೂರಲು ತನ್ನ ಸ್ಟೂಲು ಕೊಟ್ಟ.

"ಒಳಗೆ ಬಿಡೋ ಹಾಗಿಲ್ಲಮ್ಮ. ಯಾರಾದ್ರೂ ಬಂದು ಕೇಳಿದ್ರೆ ಎರಡೂ ಇದೆ ಅಂತ ಹೇಳ್ಬೇಕು ಅಂದಿದಾರೆ."

"ಎರಡೂ ಇದೆಯೇನಪ್ಪಾ?"

"ನಾನು ಯಾವತ್ತೂ ಒಳಗೆ ಹೋಗಿ ನೋಡಿಲ್ಲ."

ತಮ್ಮ ನಮ್ಮಿಬ್ಬರ ತುಟಿಗಳನ್ನೇ ನೋಡುತ್ತಿದ್ದ. ಕಾವಲುಗಾರನಿಗೆ ಅವನು ಕಿವುಡನೆಂದು ಗೊತ್ತಾಯಿತು. ಪಾಪ, ಸಹಾಯ ಮಾಡಬೇಕೆನಿಸಿರಬೇಕು. ಒಳಗಿನ ಕಟ್ಟಡದ ಕಡೆ ಕೈ ತೋರಿಸಿ, ಆಮೇಲೆ ಎರಡು ಬೆರಳೆತ್ತಿ, ದೊಡ್ಡದಾಗಿ ತಲೆಯಾಡಿಸಿದ. ಎರಡಿದೆ. ನಿಮ್ಮ ಇಡೀ ಸಂಸ್ಥೆಯಲ್ಲಿ ನನ್ನ ತಮ್ಮನಿಗೆ ಅವನ ಭಾಷೆಯಲ್ಲಿ ಉತ್ತರ ಕೊಟ್ಟವನು ಅವನೊಬ್ಬನೇ, ಕೊಟ್ಟ ಉತ್ತರ ಅದು.

ಗುಂಡಿ ಅಂಗಡಿಯಾಕೆಗೆ ಅವನು ಬರೆದು ತಿಳಿಸಿದ್ದು ಮರುದಿನ. ಅಮ್ಮ ಒಪ್ಪಲಿಲ್ಲ, ನೀವು ನಿಮ್ಮ ದಾರಿ ನೋಡಿಕೊಳ್ಳಿ ಎಂದು. ಆಕೆ ಚೀಟಿ ಹಿಡಿದುಕೊಂಡು ನನ್ನ ತಗಡಿನ ಕೆಳಗೆ ಬಂದಳು, ಗಿರಾಕಿಗಳ ಸಾಲಿನಲ್ಲಿ ಕೂತು ತನ್ನ ಸರದಿ ಬರುವವರೆಗೆ ಕಾದಳು.

"ಅಕ್ಕಾ, ಅವರಮ್ಮ ಬೇಡ ಅಂದಿದ್ರೆ ನಾನೇ ಸರಿದು ಹೋಗ್ತಿದ್ದೆ" ಎಂದಳು. "ಯಾರೂ ಏನೂ ಅಂದೇ ಇಲ್ವಲ್ಲ. ಯಾವುದೋ ಬೋರ್ಡು ಸುಟ್ಟಿದ್ದಕ್ಕೆ ನಾನು ಹೋಗ್ಬೇಕಾ?"

ಅವನಿಗಾಗಿ ಆಕೆ ತಿಂಗಳುಗಟ್ಟಲೆ ಕಾದಳು. ದಿನಾ ಅಂಗಡಿ ಬಾಗಿಲಲ್ಲಿ ನಿಂತು ಕೈಯೆತ್ತುತ್ತಿದ್ದಳು, ಅವನು ಯಂತ್ರದ ಮೇಲೆ ಬಗ್ಗಿಕೊಳ್ಳುತ್ತಿದ್ದ. ಈಗ ಆಕೆಯ ಅಣ್ಣ ತನ್ನ ಊರಿನಲ್ಲಿ ಮಳಿಗೆ ನೋಡಿದ್ದಾನೆ, ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಿದ್ದಾಗಿದೆ. ಈ ತಿಂಗಳು ಮುಗಿಯುತ್ತಲೇ ಹೊರಡುತ್ತಾಳೆ. ನಿನ್ನೆ ನೋಡಿದೆ, ಗುಂಡಿಗಳ ಗಾಜಿನ ಶೀಶೆಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ತಮ್ಮ ಈ ಬದಿಯಿಂದ ಅದನ್ನು ನೋಡುತ್ತಾ ನಿಂತಿದ್ದ, ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ. ನನಗೆ ಪರಿಹಾರ ಬೇಡ. ಯಾರನ್ನೂ ಅಮಾನತು ಮಾಡಬೇಡಿ, ತನಿಖೆಗೆ ಸಮಿತಿ ರಚಿಸಿ ಇನ್ನಷ್ಟು ಟೀ ಖರ್ಚು ಮಾಡಬೇಡಿ. ಎರಡನೆಯ ಗಡಿಯಾರವನ್ನು ವಾಪಸ್ ತಂದು ಕೂರಿಸಿ ಎಂದು ಕೇಳುವ ಉತ್ಸಾಹವೂ ನನ್ನಲ್ಲಿ ಉಳಿದಿಲ್ಲ. ನೀವು ಕೂರಿಸುವುದಿಲ್ಲ, ಇನ್ನೊಂದು ದಿನ ಇನ್ನೊಬ್ಬರ ಮನೆಯಲ್ಲಿ ಇದೇ ಆಗುತ್ತದೆ, ಅವರಿಗೂ ಇದೇ ಉತ್ತರ ಹೋಗುತ್ತದೆ. ನನಗೆ ಬೇಕಾದದ್ದು ಒಂದೋ ಆ ಕೋಣೆಯ ಬಾಗಿಲು, ಇಲ್ಲವೇ ಒಂದು ಸಾಲು. ಬಾಗಿಲು ತೆಗೆದು ನನ್ನ ತಮ್ಮನಿಗೆ ಆ ಖಾಲಿ ಜಾಗದೊಳಗೆ ಕೈಯಿಟ್ಟು ನೋಡಲು ಬಿಡಿ. ಅದು ಆಗದಿದ್ದರೆ ನಿಮ್ಮ ಉತ್ತರವನ್ನು ತಿದ್ದಿ ಒಂದು ಸಾಲು ಬರೆಯಿರಿ: ಆ ಸಂಜೆ ಕರೆ ಕಡಿದದ್ದು ನಮ್ಮಿಂದ. ಈ ತಿಂಗಳೊಳಗೆ ಬರೆಯಿರಿ, ಆಮೇಲೆ ಬರೆದರೆ ಅದು ನಿಮ್ಮ ಕಡತಕ್ಕೆ ಮಾತ್ರ ಉಪಯೋಗ. ನೀವು ಬರೆಯುವುದಿಲ್ಲ ಎಂದು ನನಗೆ ಗೊತ್ತು. ಈ ಪತ್ರ ಯಾವ ವಿಭಾಗಕ್ಕೆ ಹೋಗುತ್ತದೆ, ಅಲ್ಲಿ ಯಾವ ಮೇಜಿನ ಮೇಲೆ ಮಲಗುತ್ತದೆ ಎಂದು ಬೇಕಾದರೆ ಇಲ್ಲಿಂದಲೇ ಹೇಳಬಲ್ಲೆ.

ಇಷ್ಟು ಬರೆದು ಮುದ್ರಿಸಿ ತಮ್ಮನ ಕೈಗೆ ಕೊಟ್ಟೆ. ಬೇಡವೆಂದರೆ ಕಳಿಸುವುದಿಲ್ಲ ಎಂದೆ. ನಿಂತುಕೊಂಡೇ ಮೊದಲಿನಿಂದ ಕೊನೆಯವರೆಗೆ ಓದಿದ. ಸ್ಟೆಪ್ನಿಯ ಹತ್ತಿರ ಸ್ವಲ್ಪ ನಕ್ಕ, ಬಹಳ ದಿನಗಳ ಮೇಲೆ. ನರ್ಸಿನ ಮಾತು ಬಂದಲ್ಲಿ ಬೆರಳಿಟ್ಟು ಮತ್ತೊಮ್ಮೆ ಓದಿದ. ನನಗೆ ಜೀವ ಬಂದಂತಾಯಿತು. ಆಮೇಲೆ ಕೊನೆಯ ಹಾಳೆಯ ಕೆಳಭಾಗ ನೋಡಿದ, ಹಾಳೆ ತಿರುಗಿಸಿ ಹಿಂದೆಯೂ ನೋಡಿದ. ಜೋಪಾನವಾಗಿ ಮಡಿಸಿ ನನಗೇ ವಾಪಸ್ ಕೊಟ್ಟು ಕೈಯಲ್ಲಿ ಹೇಳಿದ: "ಚೆನ್ನಾಗಿ ಬರ್ದಿದೀಯ ಅಕ್ಕ. ಆದ್ರೆ ಇದು ನೀನು ಬರ್ದಿದ್ದು. ಇದಕ್ಕೆ ಮೊಹರು ಇಲ್ಲ."

ಮೊಹರು ನಿಮ್ಮ ಮೇಜಿನ ಮೇಲಿದೆ.

ಇಂತಿ,
ತಮ್ಮ ಕಡತದಲ್ಲಿ ಈಗಾಗಲೇ ಮುಕ್ತಾಯಗೊಂಡಿರುವ
ರೇಡಿಯೋನ ಅಕ್ಕ